ಆಟಿ ತಿಂಗಳ ಮಾಜಾಂಗ್

ಸುಮ್ಮನೆ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಆದರೆ ಎರಡು ಸಾವಿರದ ಆರರ ಬೇಸಗೆಯಲ್ಲಿ ಮದುವೆಯಾಗಿ ಕೇರಳದ ಬಡಗು ತುದಿಯ ಬೆಳ್ಳೂರಿನಿಂದ ಅಲ್ಲಿಯದೇ ಸೀತಾಂಗೋಳಿಗೆ ಬಂದಾಗ ನನಗೆ ಸಿಕ್ಕಿದ ಕೆಲಸ ಅದೊಂದೇ. ಅಡುಗೆಮನೆಗೆ ಹೋದರೆ ಅತ್ತೆ, "ನೀನು ಹೊಸಬಳು, ಹೋಗಿ ಕೂತ್ಕೋ" ಎಂದು ಹೊರಗೆ ಕಳಿಸುತ್ತಿದ್ದರು. ನನ್ನ ಗಂಡನದು ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಶೆಡ್ಡು. ಬೆಳಿಗ್ಗೆ ಹೋದವರು ಮಧ್ಯಾಹ್ನ ಊಟಕ್ಕೆ ಬಂದು ಮುಖ ತೋರಿಸಿ ಮತ್ತೆ ಮಾಯ. ಮಾವ ಮನೆಯ ಮುಂದಿನ ಸಿಟೌಟಿನಲ್ಲಿ ಕೂತು ಮೊದಲು ಕನ್ನಡ ಪೇಪರು, ಆಮೇಲೆ ಮಲಯಾಳ ಪೇಪರು ಓದುತ್ತಿದ್ದರು. ಎರಡು ಪೇಪರುಗಳ ನಡುವೆ ಒಂದು ಮಾತು ಆಡಿದರೆ ಅದು "ಚಾಯ ಉಂಟಾ?" ಎಂದಷ್ಟೇ. ಮನೆಯ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೂತು ಕೂತು ತಲೆಕೆಟ್ಟು ಒಂದು ದಿನ ಸ್ಟೂಲು ಹಾಕಿಕೊಂಡು ಕಪಾಟಿನ ಮೇಲಿನ ಧೂಳು ಹೊಡೆಯಲು ಹತ್ತಿದೆ. ಕೆಟ್ಟುಹೋದ ಟೇಬಲ್ ಫ್ಯಾನಿನ ಹಿಂದೆ ಒಂದು ಕಂದು ಬಣ್ಣದ ರೆಕ್ಸಿನ್ ಪೆಟ್ಟಿಗೆ. ನೋಡಲು ಚಿಕ್ಕದು, ಎತ್ತಲು ಹೋದರೆ ಅರೆಯುವ ಕಲ್ಲಿನಷ್ಟು ಭಾರ. ಹೊಸ ಸೊಸೆ ಕೇಳದೆ ಪೆಟ್ಟಿಗೆ ತೆರೆಯಬಾರದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತೆರೆದೆ.

ಒಳಗೆ ಸಾಲುಸಾಲಾಗಿ ಕಲ್ಲಿನಂಥ ಬಿಲ್ಲೆಗಳು. ಬೆಂಕಿಪೊಟ್ಟಣಕ್ಕಿಂತ ಚಿಕ್ಕವು, ಬೆನ್ನು ಹಸಿರು, ಮುಖ ಬೆಣ್ಣೆಯ ಬಣ್ಣ. ಮುಖದ ಮೇಲೆ ಕೊರೆದು ಬಣ್ಣ ತುಂಬಿದ ಚಿತ್ರಗಳು. ಕೆಲವದರಲ್ಲಿ ದುಂಡನೆಯ ಚುಕ್ಕಿಗಳು, ಕೆಲವದರಲ್ಲಿ ಬಿದಿರಿನ ಕಡ್ಡಿಗಳು, ಕೆಲವದರಲ್ಲಿ ತಲೆಬುಡ ತಿಳಿಯದ ಚೀನೀ ಅಕ್ಷರ. ಒಂದರಲ್ಲಿ ಹಕ್ಕಿ. ಒಂದರಲ್ಲಿ ಏನೂ ಇಲ್ಲ, ಬರೀ ಖಾಲಿ. ಒಂದನ್ನು ಕೈಗೆತ್ತಿಕೊಂಡೆ. ತಣ್ಣಗೆ, ನುಣ್ಣಗೆ, ಅಂಗೈಗೆ ಹೇಳಿ ಮಾಡಿಸಿದ ಹಾಗೆ. ಇನ್ನೊಂದು ಎತ್ತಿಕೊಂಡೆ. ಎರಡನ್ನೂ ತಾಗಿಸಿದಾಗ ಬಂದ ಶಬ್ದಕ್ಕೆ ನನ್ನ ಮೈ ಜುಮ್ಮೆಂದಿತು. ಆಟದ ಸಾಮಾನು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಆ ಶಬ್ದ ಸಿಟೌಟಿಗೂ ಕೇಳಿತೆಂದು ಕಾಣುತ್ತದೆ. ತಿರುಗಿ ನೋಡಿದರೆ ಮಾವ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಅರ್ಧ ಮಡಚಿದ ಪೇಪರು. ಬೈಯುತ್ತಾರೆ ಎಂದುಕೊಂಡೆ.

"ಅದು ಮಾಜಾಂಗ್," ಎಂದರು ಮಾವ. "ನಿನಗೆ ಆಡ್ಲಿಕ್ಕೆ ಮನಸ್ಸುಂಟಾ?"

"ಉಂಟು!" ಎಂದೆ. ಅದು ಏನು, ಎತ್ತ ಎಂದು ಕೇಳುವಷ್ಟು ವ್ಯವಧಾನ ನನಗೆಲ್ಲಿ?

ಮಾವ ಹಡಗಿನ ಇಂಜಿನ್ ರೂಮಿನಲ್ಲಿ ಫಿಟ್ಟರ್ ಆಗಿದ್ದವರು. ಹರೆಯದಲ್ಲಿ ಹೋದವರು ತಲೆ ನರೆತ ಮೇಲೆ ಪೂರ್ತಿಯಾಗಿ ಮನೆಗೆ ಬಂದಿದ್ದರು. ಒಂದು ಹಡಗಿನಲ್ಲಿ ಜೊತೆಗಿದ್ದವರೆಲ್ಲ ಹೆಚ್ಚಾಗಿ ಹಾಂಗ್‌ಕಾಂಗಿನ ಚೀನೀಯರಂತೆ. ಕೆಲಸ ಮುಗಿದ ಮೇಲೆ ಅವರ ಮೇಜಿನ ಪಕ್ಕ ನಿಂತು ನೋಡಿ ನೋಡಿ ಕಲಿತದ್ದು. ಊರಿಗೆ ಬರುವಾಗ ಉಳಿದವರು ವಾಚು, ಟೇಪ್‌ರೆಕಾರ್ಡರ್ ತಂದರೆ ಇವರು ಈ ಪೆಟ್ಟಿಗೆ ತಂದರು. ಅಂದಿನಿಂದ ಅದು ಕಪಾಟಿನ ಮೇಲೆ. ಕಾರಣ ಸರಳ. ಮಾಜಾಂಗ್‌ಗೆ ನಾಲ್ಕು ಜನ ಬೇಕು. ಈ ಮನೆಯಲ್ಲಿ ಆಡುವವರು ಒಬ್ಬರೇ ಇದ್ದರು.

ಇನ್ನೊಂದು ಕಾರಣವೂ ಇತ್ತು; ಅದು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಿತು. "ಈಗ ಅದನ್ನು ಹರಡುವುದು ಬೇಡ," ಎಂದರು ಅತ್ತೆ. "ಮನೆಯೊಳಗೆ ಕೂತು ಕಾಯಿ ಆಡುವುದೆಲ್ಲ ಆಟಿಯಲ್ಲಿ ಮಾತ್ರ. ಚೆನ್ನೆಮಣೆ ಇಳಿಸುವುದು ಯಾವಾಗ? ಆಟಿಯಲ್ಲಿ. ಇದಕ್ಕೂ ಅದೇ."

ಚೆನ್ನೆಮಣೆ ಅಂದರೆ ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಮರದ ಮಣೆ. ಆಷಾಢದ ಹೊತ್ತಿಗೆ ಬರುವ ನಮ್ಮ ಜೋರು ಮಳೆಯ ಆಟಿ ತಿಂಗಳಲ್ಲಿ ಗದ್ದೆ ಕೆಲಸವಿಲ್ಲ, ಮದುವೆ ಮುಂಜಿಯಿಲ್ಲ, ಆಗ ಆಡಬೇಕು. ತಿಂಗಳು ಮುಗಿದ ಕೂಡಲೇ ಎತ್ತಿಡಬೇಕು. ಬೇರೆ ತಿಂಗಳಲ್ಲಿ ಆಡಿದರೆ ಮನೆಗೆ ಒಳ್ಳೆಯದಲ್ಲ ಎಂದು ನನ್ನ ತವರಿನಲ್ಲಿಯೂ ಹೇಳುತ್ತಿದ್ದರು. ಆದರೆ ಆ ಕಟ್ಟಳೆಯನ್ನು ಚೀನಾದ ಕಲ್ಲುಗಳಿಗೂ ಹಚ್ಚಿದ್ದು ಅತ್ತೆಯ ಸ್ವಂತ ಕಾನೂನು. ಅತ್ತೆಗೆ ಅಂಥ ಕಾನೂನು ಬೇಕಾದಷ್ಟಿದ್ದವು. ಇಡೀ ಮನೆಯನ್ನು ಗಂಡನಿಲ್ಲದೆ ನಡೆಸಿದ ಹೆಂಗಸು. ಕಾನೂನು ಬಿಟ್ಟರೆ ಬೇರೆ ಜೊತೆ ಯಾರಿದ್ದರು? ಹಡಗು ಎಂಬ ಶಬ್ದವನ್ನೇ ಅವರು ಆಡುತ್ತಿರಲಿಲ್ಲ. "ಅಲ್ಲಿ" ಎನ್ನುತ್ತಿದ್ದರು, ಅಷ್ಟೆ. ಅಲ್ಲಿ ಏನಾಯಿತು, ಹೇಗಿತ್ತು ಎಂದು ಅವರು ಗಂಡನನ್ನು ಕೇಳಿದ್ದನ್ನು ನಾನು ಕೇಳಲಿಲ್ಲ. ಮಾವನೂ ಹೇಳುತ್ತಿರಲಿಲ್ಲ.

"ಆಟಿಯಲ್ಲಿ ಆಡುವುದಾದರೆ ಈಗ ಕಲಿಯಬೇಡವಾ, ಅತ್ತೇ?" ಎಂದೆ.

ಅತ್ತೆ ಯೋಚಿಸಿದರು. "ನೋಡಬಹುದು. ಆಡಬಾರದು."

ಸಾಕಲ್ಲ! ಮರುದಿನದಿಂದ ಎರಡೂ ಪೇಪರುಗಳು ಮಡಚಿದ ಹಾಗೇ ಉಳಿದವು. ಮಾವ ಸಿಟೌಟಿನ ಟೀಪಾಯಿ ಮೇಲೆ ಕಲ್ಲುಗಳನ್ನು ಒಂದೊಂದಾಗಿ ಇಟ್ಟು ಪರಿಚಯ ಮಾಡಿಸಿದರು. ಚುಕ್ಕಿ ಒಂದರಿಂದ ಒಂಬತ್ತು, ಬಿದಿರು ಒಂದರಿಂದ ಒಂಬತ್ತು, ಅಕ್ಷರ ಒಂದರಿಂದ ಒಂಬತ್ತು. ಪ್ರತಿಯೊಂದೂ ನಾಲ್ಕು ನಾಲ್ಕು. ಆಮೇಲೆ ನಾಲ್ಕು ದಿಕ್ಕಿನ ಗಾಳಿಗಳು. ಆಮೇಲೆ ಮೂರು ಡ್ರ್ಯಾಗನ್: ಕೆಂಪು, ಹಸಿರು, ಬಿಳಿ. ಆ ಖಾಲಿ ಕಲ್ಲೇ ಬಿಳಿ ಡ್ರ್ಯಾಗನ್ ಎಂದಾಗ ನನಗೆ ಸಿಟ್ಟು ಬಂತು. "ಚಿತ್ರ ಬಿಡಿಸ್ಲಿಕ್ಕೆ ಉದಾಸೀನವಾ ಅವರಿಗೆ?" ಎಂದೆ. ಹಕ್ಕಿ ಯಾವ ಡ್ರ್ಯಾಗನ್ ಎಂದು ಕೇಳಿದರೆ ಅದು ಒಂದು ಬಿದಿರಂತೆ! ಬಿದಿರು ಬರೆಯಬೇಕಾದಲ್ಲಿ ಹಕ್ಕಿ ಬರೆದಿದ್ದಾರೆ. ನಾನು ಅದನ್ನು ತಿಂಗಳುಗಟ್ಟಲೆ ಹಕ್ಕಿ ಎಂದೇ ಕರೆದೆ, ಮಾವನಿಗೂ ಹಾಗೆಯೇ ಅಭ್ಯಾಸ ಮಾಡಿಸಿದೆ.

ಗೆಲ್ಲುವುದು ಹೇಗೆ ಎಂದು ಕೇಳಿದೆ. ಕೈಯಲ್ಲಿ ಹದಿಮೂರು ಕಲ್ಲು. ಸರದಿ ಬಂದಾಗ ಒಂದು ಎಳೆಯುವುದು, ಬೇಡದ್ದು ಒಂದನ್ನು ಮಧ್ಯಕ್ಕೆ ಬಿಡುವುದು. ಮೂರು ಮೂರರ ನಾಲ್ಕು ಗುಂಪು, ಮತ್ತೆ ಒಂದು ಜೋಡಿ ಆದರೆ ಗೆದ್ದ ಹಾಗೆ. ಗುಂಪು ಅಂದರೆ ಒಂದೇ ನಮೂನೆಯ ಮೂರು, ಇಲ್ಲವೇ ನಾಲ್ಕು-ಐದು-ಆರು ಎಂಬಂತೆ ಸಾಲಾದ ಮೂರು. ಇನ್ನೊಬ್ಬರು ಬಿಟ್ಟ ಕಲ್ಲಿನಿಂದ ಒಂದು ಗುಂಪಾಗುವುದಾದರೆ ಅದನ್ನು ಎತ್ತಿಕೊಂಡು ಗುಂಪನ್ನು ಮೇಜಿನ ಮೇಲೆ ತೆರೆದಿಡಬಹುದು; ನಮ್ಮ ಕೈಯೇ ತುಂಬುವುದಾದರೆ ಗೆದ್ದ ಹಾಗೆ. ಆಗ "ಸಿಕ್‌ವೂ" ಎಂದು ಕೂಗಬೇಕು.

"ಕೂಗಲೇಬೇಕಾ?" ಎಂದೆ.

"ಕೂಗದಿದ್ದರೆ ಗೆದ್ದದ್ದು ಯಾರಿಗೆ ಗೊತ್ತಾಗ್ತದೆ, ಮಗಾ?" ಎಂದರು ಮಾವ. ಕೂಗಿ ತೋರಿಸಿ ಎಂದರೆ ಅಡುಗೆಮನೆಯ ಕಡೆ ನೋಡಿ ಸುಮ್ಮನಾದರು.

ಮೂರನೆಯವರು ತಾವಾಗಿ ಸಿಕ್ಕಿದರು. ನಮ್ಮ ಮಹಡಿಯ ಮೇಲೆ ಒಬ್ಬರು ಟೀಚರ್ ಬಾಡಿಗೆಗಿದ್ದರು. ತೆಂಕು ಕೇರಳದವರು, ನಾಯ್ಮಾರ್ಮೂಲೆಯ ಕಡೆ ಒಂದು ಶಾಲೆಯಲ್ಲಿ ಮಲಯಾಳ ಪಾಠ ಮಾಡುತ್ತಿದ್ದರು. ಒಗ್ಗರಣೆಗೆ ಕರಿಬೇವಿನಸೊಪ್ಪು ಕೊಯ್ದುಕೊಂಡು ಹೋಗಲು ಕೆಳಗೆ ಬಂದವರು ಮರಳುವಾಗ ಟೀಪಾಯಿ ನೋಡಿ ನಿಂತರು. "ಅಯ್ಯೋ, ಇದ್ ಎಂದಾ ಮೋಳೇ?" ಎಂದು ಮಲಯಾಳದಲ್ಲಿ ಕೇಳಿದರು, ಇದೇನು ಮಗಳೇ ಎಂದು. ನಾನು ಎರಡು ದಿನದ ಪಾಂಡಿತ್ಯವನ್ನೆಲ್ಲ ಒಂದೇ ಉಸಿರಿನಲ್ಲಿ ಸುರಿದೆ. ಅರ್ಧ ತಪ್ಪು. ಮಾವ ತಿದ್ದಿದರು. ಟೀಚರ್ ಕರಿಬೇವಿನಸೊಪ್ಪನ್ನು ಅಲ್ಲೇ ಇಟ್ಟು ಕುರ್ಚಿ ಎಳೆದುಕೊಂಡರು. ಆ ದಿನ ಅವರ ಸಾಂಬಾರು ಒಗ್ಗರಣೆಯಿಲ್ಲದೆ ಆಗಿರಬೇಕು.

ನಾಲ್ಕನೆಯವರಿಗಾಗಿ ನನ್ನ ಗಂಡನನ್ನು ಹಿಡಿದು ಕೂರಿಸಿದೆ. "ದಿನವಿಡೀ ರಟ್ಟು ಮಡಚಿ ಬಂದವನಿಗೆ ಮತ್ತೆ ಪೆಟ್ಟಿಗೆಯಾ, ಮಾರಾಯ್ತಿ?" ಎಂದು ಗೊಣಗಿದರು. ಮಾವ ಗಾಳಿಗಳ ಹೆಸರು ಹೇಳಿ ಮುಗಿಸುವ ಮೊದಲೇ ಕೈಯಲ್ಲಿ ಕಲ್ಲು ಹಿಡಿದುಕೊಂಡೇ ನಿದ್ದೆಗೆ ಜಾರಿದ್ದರು. ಪರವಾಗಿಲ್ಲ, ಆಟಿ ಬರಲಿ, ಕುರ್ಚಿಗೆ ಕಟ್ಟಿಯಾದರೂ ಆಡಿಸುತ್ತೇನೆ ಎಂದುಕೊಂಡೆ. ಗೋಡೆಯ ಕ್ಯಾಲೆಂಡರಿನಲ್ಲಿ ಆಟಿ ಹುಟ್ಟುವ ದಿನವನ್ನು ನಾನು ನೋಡಿದಷ್ಟು ನನ್ನ ಮದುವೆಯ ದಿನವನ್ನೂ ನೋಡಿರಲಿಲ್ಲ. ಮಾವನಂತೂ ಕಲ್ಲುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ ಇಡುತ್ತಿದ್ದರು. ಚಾಯದ ಜೊತೆ ಮಾತೂ ಬರತೊಡಗಿತು. ಯಾವ ಬಂದರಿನಲ್ಲಿ ಆಟ ಅರ್ಧಕ್ಕೆ ನಿಂತಿತು, ಯಾವ ಅಡುಗೆಯವ ಸೋತ ಸಿಟ್ಟಿಗೆ ಸಾರಿಗೆ ಉಪ್ಪು ಸುರಿದ, ಎಲ್ಲ ನನಗೂ ಟೀಚರಿಗೂ ಹೇಳುವುದು. ಅತ್ತೆ ಒಳಗಿನಿಂದ ಪಾತ್ರೆ ಸದ್ದು ಮಾಡುವುದು.

ಇಷ್ಟರಲ್ಲಿ ಟೀಚರಿಗೆ ಟ್ರಾನ್ಸ್‌ಫರ್ ಬಂತು. ಊರಿನ ಕಡೆಯ ಶಾಲೆ, ಅವರಿಗೆ ಖುಷಿಯೇ. ಆಟಿ ಮುಗಿಯುವ ಹೊತ್ತಿಗೆ ಹೊರಡಬೇಕು. "ಪೋಕುನ್ನದಿನು ಮುಂಪ್ ಒಂದು ಸಲ ನಿಜ ಕಳಿ ಆಡಬೇಕು, ಅಂಕಲ್," ಎಂದರು ಮಾವನಿಗೆ, ತಮ್ಮ ಮಲಯಾಳ ಬೆರೆತ ಕನ್ನಡದಲ್ಲಿ. ಹೋಗುವ ಮೊದಲು ಒಮ್ಮೆ ನಿಜವಾದ ಆಟ. ಮಾವ ತಲೆಯಾಡಿಸಿದರು. "ಈ ಆಟಿಯಲ್ಲಿ ಆಗಲೇಬೇಕು. ಇಷ್ಟು ಜನ ನನಗೆ ಇನ್ನು ಸಿಕ್ಕುದಿಲ್ಲ."

ಅದೇ ಸಂಜೆ ಬೆಳ್ಳೂರಿನಿಂದ ಅಮ್ಮನ ಫೋನು. "ಆಟಿಗೆ ಕರ್ಕೊಂಡು ಬರ್ಲಿಕ್ಕೆ ಅಣ್ಣನನ್ನು ಯಾವಾಗ ಕಳಿಸುದು?"

ನಾನು ರಿಸೀವರ್ ಹಿಡಿದುಕೊಂಡು ನಿಂತೇ ಬಿಟ್ಟೆ. ಮದುವೆಯಾದ ಮೊದಲ ವರ್ಷ ಹೆಣ್ಣು ಆಟಿಯಲ್ಲಿ ತವರಿಗೆ ಹೋಗಿ ಕೂರಬೇಕು. ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ಸಂಗತಿ. ನನ್ನ ಅಕ್ಕಪಕ್ಕದ ಮನೆಯ ಹುಡುಗಿಯರೆಲ್ಲ ಹಾಗೆ ಬಂದು ಕೂತದ್ದನ್ನು ಕಂಡೇ ಬೆಳೆದವಳು ನಾನು. ಆಟಿ ಯಾವಾಗ, ಆಟಿ ಯಾವಾಗ ಎಂದು ಕುಣಿದವಳಿಗೆ ಆಟಿಯಲ್ಲಿ ತಾನೇ ಈ ಮನೆಯಲ್ಲಿ ಇರುವುದಿಲ್ಲ ಎಂಬುದು ಮಾತ್ರ ಹೊಳೆದಿರಲಿಲ್ಲ. ಮಾವನಿಗೂ ಹೊಳೆದಿರಲಿಲ್ಲ. ಅವರು ಬದುಕಿನ ಹೆಚ್ಚಿನ ಆಟಿಗಳನ್ನು ಸಮುದ್ರದಲ್ಲಿ ಕಳೆದವರು.

"ಈಗಲೇ ಒಂದು ಆಟ ಆಡಿಬಿಡುವ, ಅತ್ತೇ," ಎಂದು ಗೋಗರೆದೆ. "ಆಟಿ ಹುಟ್ಟಲಿಲ್ಲ," ಎಂದರು. "ಹಾಗಾದರೆ ನಾನು ಹೋಗುದಿಲ್ಲ." "ಜನ ಎಂತ ಹೇಳಿಯಾರು? ಹೋಗದೆ ಕೂರ್ಲಿಕ್ಕುಂಟಾ?" ಎಂದು ಅತ್ತೆ ನನ್ನ ಚೀಲಕ್ಕೆ ತಾವೇ ಸೀರೆ ಮಡಚಿ ಹಾಕತೊಡಗಿದರು. ಮಾವ ಕಲ್ಲುಗಳನ್ನು ಸಾಲಾಗಿ ಪೆಟ್ಟಿಗೆಗೆ ಜೋಡಿಸಿ, ಕೊಂಡಿ ಹಾಕಿ, "ಇರಲಿ ಮಗಾ," ಎಂದರು. ಆ ಇರಲಿ ಎಂಬ ಮಾತು ಕೇಳಿ ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ಇಷ್ಟು ವರ್ಷ ಕಾದದ್ದು ಇದಕ್ಕಾಗಿಯಾ?

ತವರಿನಲ್ಲಿ ನಾನು ಮೂರು ಹೊತ್ತೂ ತಿಂದೆ, ತಂಗಿಯ ತಲೆ ತಿಂದೆ. ಪ್ಲಸ್ ಟು ಓದುತ್ತಿದ್ದ ಅವಳಿಗೆ ಮಾಜಾಂಗ್ ಪೂರ್ತಿ ಬಾಯಿಪಾಠವಾಯಿತು. ಒಮ್ಮೆ ಸೀತಾಂಗೋಳಿಗೆ ಫೋನು ಮಾಡಿದಾಗ ಅತ್ತೆ ಎತ್ತಿದರು. ಮಾವ ಹೇಗಿದ್ದಾರೆ ಎಂದು ಕೇಳಿದೆ.

"ಇದ್ದಾರೆ. ಪೆಟ್ಟಿಗೆ ತೆಗೀತಾರೆ, ಕಲ್ಲು ಒರಸ್ತಾರೆ, ಪುನಃ ಇಡ್ತಾರೆ. ನನಗೆ ನೋಡಿ ಸಾಕಾಯ್ತು." ನಾನು ಫೋನು ಇಡುವುದರಲ್ಲಿದ್ದೆ. ಆಗ ಅತ್ತೆಯ ದನಿ: "ನಿಮ್ಮಲ್ಲಿ ದೊಡ್ಡ ಮೇಜು ಉಂಟಾ?"

"ಎಂತದಕ್ಕೆ?"

"ಆಡುದು ಆಟಿಯಲ್ಲಿ. ಸರಿಯಾ? ನೀನು ನಮ್ಮ ಮನೆಗೆ ಬರ್ಲಿಕ್ಕಿಲ್ಲ. ಸರಿಯಾ? ನಾವು ನಿಮ್ಮಲ್ಲಿಗೆ ಬರಬಾರದು ಅಂತ ಯಾರೂ ಹೇಳ್ಲಿಲ್ಲ."

ನಾನು ಫೋನಿನಲ್ಲೇ ಕಿರುಚಿದೆ. ಅಮ್ಮ ಓಡಿಬಂದು ಯಾರಿಗೆ ಏನಾಯಿತು ಎಂದು ಕೇಳಿದಳು. ಕಾನೂನಿನ ಒಂದು ಅಕ್ಷರ ಅಲುಗದ ಹಾಗೆ ಕಾನೂನಿನ ಆಚೆಗೆ ದಾಟುವ ಈ ಬುದ್ಧಿ ನನ್ನ ಅತ್ತೆಗೆ ಇದೆ ಎಂದು ಅಂದೇ ಗೊತ್ತಾದದ್ದು. ನನಗೆ ಅವರ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತು.

ಆಟಿ ಮುಗಿಯಲು ಬಂದ ಒಂದು ಭಾನುವಾರ ಬೆಳಿಗ್ಗೆ ನಮ್ಮ ಅಂಗಳಕ್ಕೆ ಜೀಪು ಬಂತು. ಮುಂದೆ ಮಾವ, ತೊಡೆಯ ಮೇಲೆ ಪೆಟ್ಟಿಗೆ. ಹಿಂದೆ ಪತ್ರೊಡೆಯ ಡಬ್ಬಿ ಹಿಡಿದ ಅತ್ತೆ, ಪಕ್ಕದಲ್ಲಿ ಕೊಡೆ ಹಿಡಿದ ಟೀಚರ್. ಜೀಪು ಓಡಿಸಿಕೊಂಡು ಬಂದ ನನ್ನ ಗಂಡ, "ಸಂಜೆ ಬಂದು ಕರ್ಕೊಂಡು ಹೋಗ್ತೇನೆ, ನನ್ನನ್ನು ಮಾತ್ರ ಕೂರಿಸ್ಬೇಡ," ಎಂದು ಚಾಯ ಕುಡಿದು ಗಿರಾಕಿಯೊಬ್ಬರನ್ನು ನೋಡುವ ನೆಪ ಹೇಳಿ ಪಾರಾದರು. ಹೋಗಲಿ, ನನ್ನ ತಂಗಿ ತಯಾರಿದ್ದಳಲ್ಲ! ಊಟದ ಮೇಜನ್ನು ಚಾವಡಿಯ ನಡುವೆ ಎಳೆದೆವು. ಮಾವ ಪೆಟ್ಟಿಗೆ ತೆರೆದು ಕಲ್ಲುಗಳನ್ನು ಒಮ್ಮೆಗೇ ಸುರಿದರು. ಬುಟ್ಟಿಯಿಂದ ಹೊಳೆಯ ಮರುವಾಯಿ ಚಿಪ್ಪು ಸುರಿದ ಹಾಗೆ ಶಬ್ದ. ಟೀಚರ್ ಕೈ ತಟ್ಟಿದರು. ತಂಗಿ ಮಾವನೆದುರು ಕುರ್ಚಿ ಎಳೆದು ಕೂತಳು.

"ಅದಾಗ್ಲಿಕ್ಕಿಲ್ಲ," ಎಂದರು ಅತ್ತೆ.

ಎಲ್ಲರೂ ತಿರುಗಿ ನೋಡಿದೆವು.

"ಅಕ್ಕ ತಂಗಿ ಒಂದೇ ಮಣೆಗೆ ಕೂರಬಾರದು. ಚೆನ್ನೆಗೆ ಕೂರಿಸ್ತಾರಾ? ಜಗಳ ಬಂದು ಮನೆ ಎರಡಾಗ್ತದೆ."

ಅಮ್ಮನನ್ನು ನೋಡಿದೆ. ಅಮ್ಮ ಬೀಗಿತ್ತಿಯ ಪಕ್ಷ. "ಹೌದು, ಅದು ಸರಿಯಲ್ಲ," ಎಂದಳು. ತಂಗಿ ಕಾಲು ಅಪ್ಪಳಿಸಿದಳು. ಮೂರೇ ಜನ ಆಡಬಹುದಾ ಎಂದು ಟೀಚರ್ ಮೆಲ್ಲಗೆ ಕೇಳಿದರು. ಮಾವ ಒಂದು ಕಲ್ಲನ್ನು ಎತ್ತಿ ಪೆಟ್ಟಿಗೆಯ ಮೂಲೆಗೆ ಇಟ್ಟರು. ಇನ್ನೊಂದನ್ನು ಎತ್ತಿ ಅದರ ಪಕ್ಕಕ್ಕೆ ಇಟ್ಟರು. ಬೆಳ್ಳೂರಿನ ತನಕ ಬಂದ ಆಟ ಹೀಗೆ ಪೆಟ್ಟಿಗೆ ಸೇರುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಏನಾದರೂ ಕೆಟ್ಟದ್ದು ಹೇಳಿಬಿಡುತ್ತೇನೆ ಎಂದು ತುಟಿ ಕಚ್ಚಿಕೊಂಡೆ.

ಅತ್ತೆ ಗಂಡನ ಕೈಯನ್ನೇ ನೋಡುತ್ತಿದ್ದರು. ಮೂರನೆಯ ಕಲ್ಲು ಪೆಟ್ಟಿಗೆಗೆ ಹೋಗುವಾಗ ಸೆರಗಿಗೆ ಕೈ ಒರೆಸಿಕೊಂಡು ಬಂದು, ನನ್ನ ತಂಗಿಯ ಭುಜ ಮುಟ್ಟಿ ಎಬ್ಬಿಸಿ, ಆ ಕುರ್ಚಿಯಲ್ಲಿ ತಾವು ಕೂತರು. "ನೋಡುದೆಂತ? ನಾನು ಕೂತರೆ ಆಗ್ಲಿಕ್ಕಿಲ್ವಾ?" ಎಂದರು. ತಂಗಿಗೆ, "ನೀನು ನನ್ನ ಹಿಂದೆ ನಿಲ್ಲು. ಆಡುದು ಬೇಡ. ಹೇಳಿಕೊಡು. ಹೇಳಿಕೊಟ್ಟರೆ ದೋಷ ಇಲ್ಲ."

ಮಾವ ಪೆಟ್ಟಿಗೆಯಿಂದ ಮೂರೂ ಕಲ್ಲುಗಳನ್ನು ಮತ್ತೆ ಹೊರಗೆ ತೆಗೆದರು.

ಆದರೂ ಆಟ ಕೂಡಲೇ ಶುರುವಾಗಲಿಲ್ಲ. ಮಾವ ದಿಕ್ಕುಗಳನ್ನು ಹಂಚಿದರು: ತಾನು ಪೂರ್ವ, ತನ್ನ ಬಲಗಡೆಯವರು ದಕ್ಷಿಣ, ಎದುರಿನವರು ಪಶ್ಚಿಮ, ಎಡಗಡೆಯವರು ಉತ್ತರ. ಸರದಿ ಬಲಕ್ಕೆ ಹೋಗುತ್ತದೆ. ಅತ್ತೆ ಬಾಗಿಲಿನ ಕಡೆ ನೋಡಿದರು, ದೇವರ ಕೋಣೆಯ ಕಡೆ ನೋಡಿದರು. "ನೀವು ಕೂತದ್ದು ಪೂರ್ವ, ಅದು ಸರಿ. ಆದರೆ ನಿಮ್ಮ ಬಲಗಡೆ ಬಡಗು. ಅದನ್ನು ತೆಂಕು ಅಂತೀರಲ್ಲ?"

ಮಾವ ತಬ್ಬಿಬ್ಬಾದರು. "ಚೀನಾದವರದ್ದು ಹಾಗೇ. ಯಾಕೆ ಅಂತ ಗೊತ್ತಿಲ್ಲ."

"ಮತ್ತೆ ಸರದಿ ಹೋಗುದೂ ಅಪ್ರದಕ್ಷಿಣೆ! ಅದೆಲ್ಲ ಸಾವಿನ ಕಾರ್ಯಕ್ಕೆ. ಹೊಸ ಮದುಮಗಳನ್ನು ಕೂರಿಸಿಕೊಂಡು ಹಾಗೆ ಸುತ್ತುತ್ತೀರಾ? ಪ್ರದಕ್ಷಿಣೆಯಾಗಿ ಹೋಗಲಿ."

ಅಷ್ಟೂ ವರ್ಷ ಚೀನೀಯರ ಜೊತೆ ಆಡಿದ ಮನುಷ್ಯ ಕಲ್ಲುಗಳನ್ನು ನೋಡಿದರು, ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಹಾಕಿದರು. ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ. ಸರದಿಯನ್ನು ಎಡಕ್ಕೆ ತಿರುಗಿಸಿದರೆ ದಿಕ್ಕುಗಳೆಲ್ಲ ನಿಜವಾದ ದಿಕ್ಕುಗಳ ಮೇಲೆಯೇ ಬಂದು ಕೂರುತ್ತಿದ್ದವು. "ಆಗ್ತದೆ ಮಾರಾಯ್ತಿ!" ಎಂದರು. "ಎಲ್ಲ ಸರಿಯಾಗಿ ಬರ್ತದೆ!" ಮಾವ ತನ್ನ ಹೆಂಡತಿಯನ್ನು ಮಾರಾಯ್ತಿ ಎಂದು ಕರೆದದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಅತ್ತೆ, "ಮತ್ತೆ? ಸುಮ್ಮನೆ ಹೇಳ್ತೇನಾ?" ಎಂದು ಸೀರೆ ಸರಿಪಡಿಸಿಕೊಂಡರು. ಅವರು ಪಶ್ಚಿಮದಲ್ಲಿ, ಮುಖ ಪೂರ್ವಕ್ಕೆ, ಗಂಡನ ಎದುರಿಗೆ. ದಕ್ಷಿಣದಲ್ಲಿ ಟೀಚರ್. ಉತ್ತರದಲ್ಲಿ ನಾನು, ಅತ್ತೆಯ ನಂತರ ನನ್ನ ಸರದಿ.

ನೋಡುವುದು ಬೇರೆ, ಆಡುವುದು ಬೇರೆ! ಸಿಟೌಟಿನಲ್ಲಿ ಅಷ್ಟು ಶಿಸ್ತಾಗಿ ಕೂತಿದ್ದ ಕಲ್ಲುಗಳು ಈ ಮೇಜಿನಲ್ಲಿ ನನ್ನ ಮಾತೇ ಕೇಳುತ್ತಿರಲಿಲ್ಲ. ಐದು ಚುಕ್ಕಿ ಬಿಟ್ಟ ಮರುಗಳಿಗೆ ನಾಲ್ಕು, ಆರು ಎರಡೂ ಬರುತ್ತಿದ್ದವು. ಎಂಟು ಎಂದು ಇಟ್ಟುಕೊಂಡ ಅಕ್ಷರ ಆರಾಗಿತ್ತು. ಮೊದಲ ಆಟದಲ್ಲಿ ಕಲ್ಲುಗಳು ಮುಗಿದರೂ ಯಾರೂ ಗೆಲ್ಲಲಿಲ್ಲ. ಎರಡನೆಯದರಲ್ಲಿ ಟೀಚರ್ ಕೂಗಬೇಕಾದ ಶಬ್ದ ಮರೆತು, ಸಿಕ್ಕಿತು ಎನ್ನುವುದನ್ನು ತಮ್ಮ ಮಲಯಾಳದಲ್ಲೇ "ಕಿಟ್ಟಿ, ಕಿಟ್ಟಿ!" ಎಂದು ಕೂಗಿ ಎದ್ದು ನಿಂತರು. ಅಮ್ಮ ಹಲಸಿನ ಹಪ್ಪಳ ಹುರಿದು ತಂದಾಗ ಮಾವ, "ಎಣ್ಣೆ ಕೈ! ಎಣ್ಣೆ ಕೈ!" ಎಂದು ಕಲ್ಲುಗಳ ಮೇಲೆ ಎರಡೂ ಅಂಗೈ ಹರಡಿದರು. ಹಪ್ಪಳವನ್ನು ತಂಗಿ ನಮ್ಮ ಬಾಯಿಗೇ ಹಾಕಬೇಕಾಯಿತು. ಅತ್ತೆ ಬಾಯಿ ತೆರೆದರೂ ಕಣ್ಣು ಕಲ್ಲಿನಿಂದ ತೆಗೆಯಲಿಲ್ಲ.

ಊಟದ ನಂತರ ಮಾವ ಗೆದ್ದರು. "ಸಿಕ್‌ವೂ!" ಎಂದು ಅವರು ಕೂಗಿದ್ದಕ್ಕೆ ಅಂಗಳದ ಕೋಳಿಗಳು ಚದುರಿದವು. ಇಂಜಿನ್ನಿನ ಸದ್ದಿನ ಮೇಲೆ ಕೇಳಿಸಬೇಕೆಂದು ಕೂಗಿದ ದನಿ ಅದು. ಚಾಯ ಉಂಟಾ ಎಂದು ಕೇಳುತ್ತಿದ್ದ ಗಂಟಲಿನೊಳಗೆ ಇದು ಇಷ್ಟು ದಿನ ಎಲ್ಲಿ ಅಡಗಿತ್ತು? ಟೀಚರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅತ್ತೆ ಮಾತ್ರ ನಗಲಿಲ್ಲ. ಗಂಡನ ಮುಖವನ್ನು ಯಾರೋ ಹೊಸಬರನ್ನು ನೋಡುವ ಹಾಗೆ ನೋಡಿದರು.

ಸಂಜೆಯಾಗುತ್ತಿತ್ತು. ಜೀಪು ಬರುವ ಮೊದಲು ಇನ್ನೊಂದು ಆಟ ಎಂದು ಹಾಕಿದೆವು. ಈ ಸಲ ಅತ್ತೆಯ ಕೈ ಚೆನ್ನಾಗಿತ್ತು. ಹಿಂದೆ ನಿಂತ ತಂಗಿಯ ಮುಖವೇ ಹೇಳುತ್ತಿತ್ತು. ಕೆಂಪು ಡ್ರ್ಯಾಗನ್ ಮೂರನ್ನು ಅವರು ಆಗಲೇ ಮೇಜಿನ ಮೇಲೆ ತೆರೆದಿಟ್ಟಿದ್ದರು. ನನ್ನ ಕೈಯೂ ತುಂಬುತ್ತ ಬಂದಿತ್ತು. ಮೂರು ಗುಂಪು ಆಯಿತು. ಜೋಡಿ ಆಯಿತು. ಎಂಟು ಬಿದಿರು, ಒಂಬತ್ತು ಬಿದಿರು ಕೈಯಲ್ಲಿ. ಏಳು ಬಿದಿರು ಒಂದು ಬಂದರೆ ಸಾಕು. ನನ್ನ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಪಕ್ಕದವರಿಗೆ ಕೇಳೀತೆಂದು ಹೆದರಿದೆ. ಮಾವ ಒಮ್ಮೆ ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಯಿತು.

ಅತ್ತೆ ಒಂದು ಕಲ್ಲು ಎಳೆದರು, ಕೈಯಿಂದ ಇನ್ನೊಂದನ್ನು ಹೆಕ್ಕಿದರು. ತಂಗಿ, "ಅದು ಬೇಡ ಅತ್ತೇ," ಎಂದು ಪಿಸುಗುಟ್ಟಿದಳು. "ನನಗೆ ಗೊತ್ತುಂಟು," ಎಂದು ಅತ್ತೆ ಅದನ್ನು ಮೇಜಿನ ಮಧ್ಯಕ್ಕೆ ಇಟ್ಟರು.

ಏಳು ಬಿದಿರು.

ಸಿಕ್‌ವೂ ಎಂಬುದು ನನ್ನ ಗಂಟಲಿನ ತನಕ ಬಂದು ನಿಂತಿತು. ಅಷ್ಟು ಉದ್ದದ ದಾರಿ ಬಂದು, ತನ್ನ ಕಾನೂನುಗಳಿಗೆಲ್ಲ ದಾರಿ ಹುಡುಕಿ, ಮೊದಲ ಸಲ ಈ ಕಲ್ಲುಗಳನ್ನು ಮುಟ್ಟಿದ ಹೆಂಗಸು. ಅವರ ಗೆಲುವು ಕೈಗೆ ಎಟುಕುವಷ್ಟು ಹತ್ತಿರದಲ್ಲಿದೆ. ಅವರೇ ಬಿಟ್ಟ ಕಲ್ಲಿನಿಂದ, ನನ್ನ ತವರಿನಲ್ಲಿ, ಅಮ್ಮನ ಕಣ್ಣೆದುರಿಗೆ ನಾನು ಅವರನ್ನು ಸೋಲಿಸುವುದೇ? ಸಿಟ್ಟು ಬಂದು ಎದ್ದುಬಿಟ್ಟರೆ ನಾಲ್ಕನೆಯವರಿಲ್ಲ. ಮಾವನ ಆಟ ಮತ್ತೆ ಕಪಾಟಿನ ಮೇಲೆ, ಈ ಸಲ ಎಂದೆಂದಿಗೂ. ಬಾಗಿಲಲ್ಲಿ ನಿಂತ ಅಮ್ಮನಿಗೆ ಆಟ ಗೊತ್ತಿರಲಿಲ್ಲ, ಮಗಳ ಮುಖ ಗೊತ್ತಿತ್ತು. ಬೇಡ ಎಂದು ಕಣ್ಣಲ್ಲೇ ಹೇಳಿದಳು. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಮಾವನೊಬ್ಬರ ಹೊರತು. ಅವರು ನನ್ನನ್ನು ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ತಮ್ಮ ಕಲ್ಲುಗಳನ್ನು ನೋಡುತ್ತಿದ್ದರು. ಪೆಟ್ಟಿಗೆಗೆ ಕೊಂಡಿ ಹಾಕಿ ಇರಲಿ ಎಂದ ದಿನದ ಅದೇ ಮುಖ. ಮರ್ಯಾದೆಗೆ ಬಿಟ್ಟುಕೊಡುವ ಆಟ ಅವರಿಗೆ ಬೇಕಾಗಿರಲಿಲ್ಲ. ಅಂಥದ್ದು ಅವರಿಗೆ ಮನೆಯಲ್ಲಿ ಬೇಕಾದಷ್ಟು ಸಿಕ್ಕಿತ್ತು.

"ಸಿಕ್‌ವೂ!" ಎಂದು ಕೂಗಿದೆ. ನನ್ನ ಜನ್ಮದಲ್ಲಿ ಅಷ್ಟು ಜೋರಾಗಿ ಏನನ್ನೂ ಕೂಗಿರಲಿಲ್ಲ.

ಅತ್ತೆಯ ಕುರ್ಚಿ ಹಿಂದಕ್ಕೆ ಸರಿಯಿತು. ಅತ್ತೆ ಎದ್ದರು. ಹೋಯಿತು, ಎಲ್ಲ ನನ್ನಿಂದಲೇ ಹೋಯಿತು ಎಂದುಕೊಂಡೆ. ಅವರು ಮೇಜಿನ ಮೇಲೆ ಬಾಗಿ, ನಾನು ತೆರೆದಿಟ್ಟ ಕಲ್ಲುಗಳನ್ನು ಬೆರಳಿನಿಂದ ಒಂದೊಂದೇ ಗುಂಪಾಗಿ ಮುಟ್ಟಿದರು. ಜೋಡಿಯನ್ನೂ ಮುಟ್ಟಿದರು. ಏಳು, ಎಂಟು, ಒಂಬತ್ತನ್ನು ಎರಡು ಸಲ ಎಣಿಸಿದರು.

"ಮೋಸ ಇಲ್ಲ. ಸರಿಯಾಗಿಯೇ ಉಂಟು," ಎಂದು ಮತ್ತೆ ಕೂತರು. ಹೊರಗೆ ಜೀಪಿನ ಹಾರ್ನ್ ಕೇಳಿತು. ಅತ್ತೆ ಆ ಕಡೆ ನೋಡಲೇ ಇಲ್ಲ. ಗಂಡನನ್ನು ನೋಡಿ ಕೇಳಿದರು: "ಅಲ್ಲಿ ಹಡಗಿನಲ್ಲಿ, ಹೀಗೆ ಸೋತರೆ ನೀವು ಎಂತ ಮಾಡ್ತಿದ್ದಿರಿ?"

ಮಾವನ ಕಣ್ಣು ತುಂಬಿತ್ತು, ನನ್ನದೂ.

"ಇನ್ನೊಂದು ಹಾಕ್ತಿದ್ದೆವು," ಎಂದರು.

"ಹಾಗಾದ್ರೆ ಹಾಕಿ. ಅವನು ಕಾಯಲಿ."

ಮಾವ ಎರಡೂ ಕೈಗಳಿಂದ ಕಲ್ಲುಗಳನ್ನು ಕಲಸತೊಡಗಿದರು, ಅತ್ತೆಯೂ ಕೈ ಹಾಕಿದರು. ಅಮ್ಮ ಒಳಗೆ ಹೋಗಿ ರಾತ್ರಿಯ ಅನ್ನಕ್ಕೆ ಇನ್ನೂ ನಾಲ್ಕು ಜನರ ಅಕ್ಕಿ ಹಾಕಿದಳು.